ಕಳಸಗಿತ್ತಿಗೆ ತೊಡಿಸಿದ ಅಯಸ್ಕಾಂತ

ನಾನು ನಾಲ್ಕು ಜನರ ಎದುರು ಮಾತಾಡುವವಳಲ್ಲ. ಮದುವೆ ಮನೆಗೆ ಹೋದರೆ ಅಡುಗೆಯವರ ಹತ್ತಿರ ತರಕಾರಿ ಹೆಚ್ಚುತ್ತಾ ಕೂತುಬಿಡುವುದು ನನ್ನ ಅಭ್ಯಾಸ. ಅಂಥವಳು ಚನ್ನರಾಯಪಟ್ಟಣದ ಛತ್ರದಲ್ಲಿ, ಅರಕಲಗೂಡಿನಿಂದ ಬಂದ ಗಂಡಿನ ಕಡೆಯವರೆಲ್ಲ ಪಂಕ್ತಿಯಲ್ಲಿ ಊಟಕ್ಕೆ ಕೂತಿರುವಾಗ, ಯಾಕೆ ಹಾಗೆ ಕೂಗಾಡಿದೆ ಎಂದು ನಿಮಗೆ ಒಬ್ಬೊಬ್ಬರು ಒಂದೊಂದು ಹೇಳಿರುತ್ತಾರೆ. ಅಜ್ಜಿಗೆ ತಲೆ ಕೆಟ್ಟಿತ್ತು ಅಂತಲೂ ಹೇಳಿರಬಹುದು. ತಲೆ ಸರಿಯಾಗಿಯೇ ಇತ್ತು ಮಕ್ಕಳೇ. ಸಿಟ್ಟು ಬಂದಿತ್ತು. ಇದನ್ನು ಬರೆಯುವಾಗಲೂ ಇದೆ.

ಆ ಮದುವೆ ನಿಮ್ಮ ತಾತನ ಅಕ್ಕನ ಮೊಮ್ಮಗಳದು. ನಾನೂ ಅವರನ್ನು ಅಕ್ಕ ಅಂತಲೇ ಕರೆಯುವುದು. ನಿಮ್ಮಲ್ಲಿ ದೊಡ್ಡವಳನ್ನು ಕಳಸಗಿತ್ತಿ ಮಾಡಿದರು. ಕಳಸ ಹಿಡಿದು ಹೆಣ್ಣಿನ ಜೊತೆ ಬರುವ ಹುಡುಗಿ ಅವಳು. ಶಾಸ್ತ್ರವೆಲ್ಲ ಮುಗಿಯುವ ತನಕ ಹೆಣ್ಣಿನ ಮಗ್ಗುಲು ಬಿಡುವ ಹಾಗಿಲ್ಲ. ಐದನೇ ಕ್ಲಾಸಿನ ಹುಡುಗಿ, ರೇಷ್ಮೆ ಲಂಗ ಸಿಗುತ್ತದೆ ಅಂತ ಕುಣಿಯುತ್ತಿದ್ದಳು.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಮೂಗಿನ ಎರಡು ಕಡೆಯೂ ಬೊಟ್ಟು ಇರಬೇಕು. ಒಂದೇ ಕಡೆ ಹಾಕಿದವರನ್ನು ಅಕ್ಕ ಅರ್ಧ ಮೂಗಿನವರು ಅಂತ ಆಡಿಕೊಳ್ಳುತ್ತಿದ್ದರು. ನಿಮ್ಮ ಅಮ್ಮ ಮಾತ್ರ, ನನ್ನ ಮಗಳು ದೊಡ್ಡವಳಾದ ಮೇಲೆ ಅವಳಿಗೆ ಬೇಕಾದರೆ ಚುಚ್ಚಿಸಿಕೊಳ್ಳಲಿ ಅಂತ ಹಟ ಹಿಡಿದಿದ್ದಳು. ಚಪ್ಪರದ ದಿನ ಅಕ್ಕ ಹುಡುಗಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಏನವ್ವಾ ಇದು, ಕಳಸಗಿತ್ತಿ ಬೋಳು ಮೂಗಲ್ಲಿ ನಿಂತ್ಕತಾಳಾ? ಗಂಡಿನ ಕಡೇರು ನಗಾಕಿಲ್ವಾ?"

ಪೇಟೆಯ ಫ್ಯಾನ್ಸಿ ಅಂಗಡಿಯಿಂದ ಚುಚ್ಚದೆ ಹಾಕುವ ಮೂಗುಬೊಟ್ಟು ಬಂತು. ನೀವು ನೋಡಿರುತ್ತೀರಿ. ಹೊರಗಡೆ ಕಲ್ಲು ಕೂರಿಸಿದ ಸಣ್ಣ ಅಯಸ್ಕಾಂತ, ಮೂಗಿನ ಒಳಗಡೆ ಕಾಳುಮೆಣಸಿಗಿಂತ ಸಣ್ಣದೊಂದು ಬಿಲ್ಲೆ, ಅದೂ ಅಯಸ್ಕಾಂತವೇ. ಎರಡೂ ಮೂಗಿನ ಹೊಳ್ಳೆಯನ್ನು ನಡುವೆ ಇಟ್ಟುಕೊಂಡು ಒಂದನ್ನೊಂದು ಹಿಡಿಯುತ್ತವೆ. ಒಂದು ಕಡೆ ಹಾಕಿಕೊಳ್ಳಲಿ ಅಂತ ಮಾಡಿದ ಸಾಮಾನು ಅದು. ಅಕ್ಕ ಎರಡು ಜೊತೆ ತರಿಸಿ ಎರಡೂ ಕಡೆ ಹಾಕಿದರು. ಅರ್ಧ ಮೂಗು ಆಗಬಾರದಲ್ಲ!

ಮದುವೆಯ ಬೆಳಗ್ಗೆ ಮುಖ ತೊಳೆದು ಮೂಗು ಸೀಟುವಾಗ ಹೊರಗಿನ ಕಲ್ಲು ಎರಡೂ ಉದುರಿದವು. ಹುಡುಗಿ ನೋವು ಅಂತ ಅತ್ತಳಂತೆ. ಅಕ್ಕ ಅವನ್ನು ಹೆಕ್ಕಿ, ಸ್ಟಿಕ್ಕರ್ ಬಿಂದಿಯ ಅಂಟು ಕಿತ್ತು, ಅದರಲ್ಲಿ ಮತ್ತೆ ಅಂಟಿಸಿ ಕಳಿಸಿದರು. ಒಳಗಿನವು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಹೊರಗೆ ಹೊಳೆಯುತ್ತಿತ್ತು, ಅಷ್ಟೇ ಸಾಕಾಗಿತ್ತು. ಫೋಟೋದವನು ಬೇರೆ, ಮೂಗುಬೊಟ್ಟು ಚೆನ್ನಾಗಿದೆ ಪುಟ್ಟಿ ಅಂದನಂತೆ.

ನಾನು ಹತ್ತಿರ ಇರಲಿಲ್ಲ. ಗಂಡ ಇಲ್ಲದವಳು ಕಳಸದ ಹತ್ತಿರ ಸುಳಿಯಬಾರದು ಅಂತ ಅಕ್ಕ ಮೊದಲೇ ಹೇಳಿದ್ದರು. ನಿಮ್ಮ ತಾತ ಹೋದಾಗ, ತಿಥಿಯ ದಿನ ನನ್ನ ಎರಡೂ ಮೂಗುಬೊಟ್ಟಿನ ತಿರುಪು ಬಿಚ್ಚಿದ್ದೂ ಅದೇ ಕೈ. ನನಗೆ ಬೇಕೋ ಬೇಡವೋ ಅಂತ ಅವತ್ತು ಒಂದು ಮಾತು ಕೇಳಲಿಲ್ಲ. ಈ ಹುಡುಗಿಯನ್ನೂ ಕೇಳಲಿಲ್ಲ. ಒಬ್ಬಳ ಮೂಗಿನಿಂದ ತೆಗೆಯುವುದು, ಇನ್ನೊಬ್ಬಳ ಮೂಗಿಗೆ ತುರುಕುವುದು.

ಧಾರೆ ಮುಗಿದ ಮೇಲೆ ಹುಡುಗಿ ಅಡುಗೆ ಕೋಣೆಯ ಹಿಂಬಾಗಿಲಿಗೆ ಬಂದು ನನ್ನ ಸೆರಗು ಹಿಡಿದುಕೊಂಡಳು. ಕಣ್ಣಲ್ಲಿ ನೀರು. ಬಾಯಲ್ಲಿ ಉಸಿರಾಡುತ್ತಿದ್ದಳು.

"ಅಜ್ಜಿ, ಮೂಗಿನ ಮಧ್ಯ ಯಾರೋ ಚಿವುಟ್ತಾವ್ರೆ. ಬುಡಾಕೇ ಇಲ್ಲ."

ಮುಟ್ಟಿ ನೋಡಿದೆ. ನೋವು ಹೊಳ್ಳೆಯಲ್ಲಿ ಇರಲಿಲ್ಲ, ನಡುವಿನ ಗೋಡೆಯಲ್ಲಿತ್ತು. ಸೆರಗಿನ ಪಿನ್ನು ಬಿಚ್ಚಿ, ಹೂವಿನ ದಾರಕ್ಕೆ ಕಟ್ಟಿ, ಅವಳ ಮೂಗಿನ ಮುಂದೆ ಇಳಿಬಿಟ್ಟೆ. ಗಾಳಿ ಇರಲಿಲ್ಲ. ಪಿನ್ನು ಹೊಳ್ಳೆಯ ಕಲ್ಲುಗಳನ್ನು ಬಿಟ್ಟು ತಾನಾಗಿ ನಡುವಿಗೆ ವಾಲಿ, ಮೂಗಿನ ತುದಿಗೆ ಹೋಗಿ ಅಂಟಿಕೊಂಡಿತು. ಒಳಗಿನ ಬಿಲ್ಲೆಗಳು ಎಲ್ಲೂ ಬಿದ್ದಿರಲಿಲ್ಲ. ಎಡಗಡೆಯದೂ ಬಲಗಡೆಯದೂ ನಡುವಿನ ಗೋಡೆಯನ್ನು ಅಮುಕಿಕೊಂಡು ಒಂದನ್ನೊಂದು ಹಿಡಿದುಬಿಟ್ಟಿದ್ದವು.

ಹುಡುಗಿಯನ್ನು ಕರೆದುಕೊಂಡು ಪಂಕ್ತಿಯ ಹತ್ತಿರ ಹೋದೆ. ಅಕ್ಕ ಬೀಗರಿಗೆ ತುಪ್ಪ ಬಡಿಸಿ ಅಂತ ಹೇಳುತ್ತಾ ಓಡಾಡುತ್ತಿದ್ದರು. ಮೆಲ್ಲಗೇ ಹೇಳಿದೆ.

"ಅಕ್ಕಾ, ಮಗೂನ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು. ಬಿಲ್ಲೆ ಎರಡೂ ಒಳಗೇ ಸಿಕ್ಕಾಕ್ಕೊಂಡವೆ."

"ಸೀತ ಆಗಿರ್ಬೇಕು ಬುಡು. ಒಂದ್ ತೊಟ್ಟು ಕೊಬ್ರಿ ಎಣ್ಣೆ ಬುಟ್ರೆ ಸೀನ್ ಬಂದು ಈಚೆಗೆ ಬತ್ತವೆ. ಹೆಣ್ ಒಪ್ಸೋಗಂಟ ಕಳಸಗಿತ್ತಿ ಎಲ್ಲೂ ಓಗಂಗಿಲ್ಲ."

"ಸೀತ ಅಲ್ಲ ಅಕ್ಕಾ, ಪಿನ್ನು ಹಿಡ್ದು ನೋಡ್ದೆ..."

"ಪಿನ್ನು ಹಿಡ್ದಳಂತೆ! ಯಾವಾಗ್ಲೇ ಡಾಕ್ಟ್ರು ಆದೆ ನೀನು? ಸುಬ ಕಾರ್ಯದಲ್ಲಿ ನಿನ್ ಬಾಯಿ ಯಾಕೆ ಇಲ್ಲಿ? ಓಗು, ಒಳಿಕ್ಕೋಗು."

ನಿಮ್ಮ ಅಪ್ಪ ಅಲ್ಲೇ ಅನ್ನದ ಬಕೆಟ್ಟು ಹಿಡಿದು ನಿಂತಿದ್ದ. "ಅವ್ವಾ, ಅತ್ತೆ ಏಳ್ದಂಗೆ ಆಗ್ಲಿ. ಒಪ್ಸೋ ಶಾಸ್ತ್ರ ಒಂದು ಮುಗೀಲಿ, ಸಾಯಂಕಾಲ ಓಗಾನ" ಅಂದ.

ಆಗ ನಾನು ಛತ್ರಕ್ಕೆಲ್ಲ ಕೇಳುವ ಹಾಗೆ ಕೂಗಿದೆ. "ನಿನ್ನ ಮಗಳ ಮೂಗು ಒಳಗೇ ಕೊಳೀತಾ ಅದೆ ಕಣ್ಲಾ! ಅನ್ನ ಬಡಿಸ್ಕೊಂಡು ನಿಂತಿದ್ದೀಯಾ? ಯಾರ್ ನಕ್ಕರೆ ನನಗೇನು? ಈ ಮಗೂಗೆ ಮೂಗು ಬೇಕು, ಬೊಟ್ಟಲ್ಲ!" ಇನ್ನೂ ಏನೇನೋ ಅಂದೆ. ಅಕ್ಕನ ಬಗ್ಗೆ, ನನ್ನ ಮೂಗಿನ ಬಗ್ಗೆ, ತಿಥಿಯ ದಿನದ ಬಗ್ಗೆ. ಗಂಡಿನ ಕಡೆಯವರ ಕೈ ಎಲೆಯ ಮೇಲೇ ನಿಂತಿತು. ಆ ಸಾಲಿನ ಕೊನೆಯಿಂದ ನಿಮ್ಮ ಅಮ್ಮ ಅರ್ಧ ಊಟ ಬಿಟ್ಟು ಎದ್ದಳು. ಎಂಜಲು ಕೈಯಲ್ಲೇ ಬಂದು ಮಗಳನ್ನು ಎತ್ತಿಕೊಂಡಳು. ನಾವು ಮೂವರೂ ಹೆದ್ದಾರಿಗೆ ಬಂದು ಸಿಕ್ಕಿದ ಹಾಸನದ ಬಸ್ಸು ಹತ್ತಿದೆವು. ಹುಡುಗಿ ರೇಷ್ಮೆ ಲಂಗದಲ್ಲೇ ಇದ್ದಳು. ಅಂಟಿಸಿದ್ದ ಕಲ್ಲುಗಳನ್ನು ಅವಳೇ ಕಿತ್ತು ಕಿಟಕಿಯಾಚೆ ಎಸೆದಳು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿದರು. ಮೊದಲು ಉಕ್ಕಿನ ಚಿಮಟ ಹಾಕಿದರು. ಅಯಸ್ಕಾಂತ ಚಿಮಟವನ್ನೇ ಎಳೆದುಕೊಂಡಿತು, ಹುಡುಗಿ ಕಿರುಚಿದಳು. ಡಾಕ್ಟರಮ್ಮ ತಕ್ಷಣ ನಿಲ್ಲಿಸಿ, ಮರಗಟ್ಟುವ ಔಷಧಿ ಹಚ್ಚಿ, ಪ್ಲಾಸ್ಟಿಕ್ಕಿನ ಕಡ್ಡಿ ತರಿಸಿದರು. "ನೇರವಾಗಿ ಕಿತ್ತರೆ ಬರಲ್ಲ ಅಮ್ಮ, ಪಕ್ಕಕ್ಕೆ ಜಾರಿಸಬೇಕು" ಅಂದರು. ಒಂದನ್ನು ಹಾಗೇ ಒತ್ತಿ ಹಿಡಿದು ಇನ್ನೊಂದನ್ನು ಮುಂದಕ್ಕೆ ಜಾರಿಸಿದರು. ಒಂದು ಈಚೆಗೆ ಬಂತು. ಹಿಡಿಯಲು ಜೊತೆ ಇಲ್ಲದೆ ಇನ್ನೊಂದು ತಾನೇ ಸಡಿಲವಾಯಿತು. ತಟ್ಟೆಗೆ ಹಾಕಿದ ತಕ್ಷಣ ಎರಡೂ ಹಾರಿ ಮತ್ತೆ ಕಚ್ಚಿಕೊಂಡವು.

ಎರಡು ಕಡೆಯೂ ಹುಣ್ಣಾಗಿತ್ತು. "ನಡುವೆ ರಕ್ತ ಓಡಾಡೋಕೆ ಜಾಗ ಇರಲಿಲ್ಲ. ಇನ್ನೂ ತಡ ಮಾಡಿದ್ದರೆ ಅಲ್ಲಿ ತೂತು ಬೀಳ್ತಿತ್ತು, ಅದು ಮುಚ್ಚಿಕೊಳ್ಳಲ್ಲ" ಅಂದರು. ನಿಮ್ಮ ಅಪ್ಪ ಹಿಂದೆಯೇ ಬೈಕಿನಲ್ಲಿ ಬಂದಿದ್ದ. ಗೋಡೆಗೆ ಒರಗಿಕೊಂಡು ಕೇಳಿಸಿಕೊಂಡ. ನಾನು ಅವನ ಮುಖ ನೋಡಲಿಲ್ಲ.

ಊರಿಗೆ ಬಂದ ಮೇಲೆ ಹುಡುಗಿ, ನಾನು ಆಸ್ಪತ್ರೆಯಿಂದ ಕೇಳಿ ತಂದಿದ್ದ ಬಿಲ್ಲೆಗಳನ್ನು ಕೊಡು ಅಂತ ಕಾಡಿದಳು. ನಾನು ಕೈಗೆ ಕೊಡದೆ, ಎದುರಿಗೆ ಕೂರಿಸಿಕೊಂಡು ತೋರಿಸಿದೆ. ಪುಸ್ತಕದ ಒಂದು ಹಾಳೆಯ ಆಚೆ ಈಚೆ ಇಟ್ಟರೆ ಉಗುರು ಹಾಕಿ ಕೀಳಬೇಕು. ಹಾಳೆ ಹೆಚ್ಚಿಸುತ್ತಾ ಹೋದರೆ ಸೆಳೆತ ನಿಧಾನವಾಗಿ ಕಡಿಮೆಯಾಗುವುದಿಲ್ಲ, ಬೇಗ ಬೇಗ ಕುಸಿಯುತ್ತದೆ. ರಟ್ಟು ಸೇರಿಸಿ ಹಿಡಿದರೆ ಕೆಳಗಿನದು ಬಿದ್ದೇಹೋಗುತ್ತದೆ. ಹಾಗೇ ಹತ್ತಿರ ತಂದರೆ ಒಂದು ಜಾಗದ ತನಕ ಸುಮ್ಮನಿದ್ದು, ಅಲ್ಲಿಂದ ಛಂಗನೆ ಹಾರುತ್ತವೆ. ಮೂಗು ಹಿಂಡಿ ಸೀಟಿದಾಗ ಒಳಗಿನವೆರಡೂ ಆ ಜಾಗ ದಾಟಿದ್ದವು. ಒಂದೇ ಥರದ ಮುಖ ಎದುರಾದರೆ ತಳ್ಳುತ್ತವೆ ಅಲ್ವಾ ಅಜ್ಜಿ ಅಂತ ಕೇಳಿದಳು. ತಳ್ಳುತ್ತವೆ. ಆದರೆ ಹಿಡಿತವಿಲ್ಲದ ಸಣ್ಣ ಬಿಲ್ಲೆ ಗಿರಕ್ಕನೆ ಮಗುಚಿಕೊಂಡು ಎಳೆಯುವ ಮುಖವನ್ನೇ ಮುಂದೆ ಮಾಡುತ್ತದೆ. ಮೇಜಿನ ಮೇಲೆ ಅವಳೇ ನೋಡಿದಳು.

ಅಯಸ್ಕಾಂತದ ಮೇಲೆ ನನಗೆ ಸಿಟ್ಟಿಲ್ಲ. ನಡುವೆ ಇರುವುದು ಕಾಗದವೋ ಮಗುವಿನ ಮಾಂಸವೋ ಅದಕ್ಕೆ ತಿಳಿಯದು. ಅಕ್ಕನಿಗೆ ತಿಳಿದಿತ್ತು. ಹುಡುಗಿ ಅತ್ತಿದ್ದನ್ನು ನೋಡಿಯೂ ಅಂಟು ಹುಡುಕಿದರು.

ಹುಣ್ಣು ಮಾಯುವ ಹೊತ್ತಿಗೆ ಅಕ್ಕ ಮನೆಗೆ ಬಂದರು. ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ಕೂತವರೇ, "ಹೊಳೆನರಸೀಪುರದ ಆಚಾರ್ರಿಗೆ ಏಳಿವ್ನಿ. ಒಳ್ಳೆ ದಿನ ನೋಡಿ ಎರಡೂ ಕಡೆ ಚಿನ್ನದ ತಂತೀಲೇ ಚುಚ್ಚುಸ್ಬುಡಾನ. ಆ ಹಾಳು ಮ್ಯಾಗ್ನೆಟ್ಟಿನ ಸಹವಾಸ ಬ್ಯಾಡ" ಅಂದರು. ತಪ್ಪೆಲ್ಲ ಮ್ಯಾಗ್ನೆಟ್ಟಿನದೇ ಆಗಿಹೋಗಿತ್ತು.

ನಿಮ್ಮ ಅಪ್ಪ ನನ್ನ ಕಡೆ ನೋಡಿದ. ಆಮೇಲೆ, "ನಮ್ಮನ್ನ ಕೇಳ್ಬ್ಯಾಡ ಅತ್ತೆ. ಮೂಗು ಅವಳ್ದು, ಅವಳ್ನ ಕೇಳು" ಅಂದ.

ಅಕ್ಕ ನಕ್ಕರು. "ಇವಳ್ನಾ? ಇಷ್ಟುದ್ದದವಳ್ನ?"

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಒಂದು ಕೈ ಮೂಗಿನ ಮೇಲಿತ್ತು. "ಬ್ಯಾಡ" ಅಂದಳು. ಅಕ್ಕನಿಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ, ಅಥವಾ ಕೇಳಿಸದವರ ಹಾಗೆ ಮಾಡಿದರು. ಹುಡುಗಿ ಕೈ ತೆಗೆದು ಮತ್ತೊಂದು ಸಲ ಗಟ್ಟಿಯಾಗಿ ಹೇಳಿದಳು.

ನಾನು ಎದ್ದು ಕಾಫಿಗೆ ನೀರಿಟ್ಟೆ.