ಸೆಲ್ವಿಯ ತಮ್ಮ ನಮ್ಮ ಜಗಲಿಯಲ್ಲಿ

ಭದ್ರಾವತಿಗೆ ಬಂದ ಮರುದಿನ ಬೆಳಿಗ್ಗೆ, ಎದುರು ಸಾಲಿನ ಬೀಗ ಹಾಕಿದ ಮನೆಯೊಳಗಿಂದ ಮಗು ಅಳುವುದು ಕೇಳಿಸಿತು. ಹೊರಗೆ ಹಿತ್ತಾಳೆಯ ಬೀಗ, ಒಳಗೆ ಅಳು. ಗಾಬರಿಯಿಂದ ಕಿಟಕಿಯ ಬಳಿ ಓಡಿದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಸರಳುಗಳ ಹಿಂದೆ ನಿಂತಿದ್ದಳು.

"ಯಾಕಮ್ಮ, ಯಾರು ಬೀಗ ಹಾಕಿದ್ದು?"

"ಅಮ್ಮ. ಕೆಲಸಕ್ಕೆ ಹೋಗವ್ರೆ. ಕೂಗು ಆದ್ಮೇಲೆ ಬರ್ತಾರೆ," ಎಂದಳು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಕೂಗು ಎಂದರೆ ಕಬ್ಬಿಣದ ಕಾರ್ಖಾನೆಯ ಸಿಳ್ಳು. ಮೈಸೂರಿನಲ್ಲಿ ನಾವು ಗಡಿಯಾರ ನೋಡುತ್ತೇವೆ. ಇಲ್ಲಿ ಊರೆಲ್ಲ ಕೂಗು ಕೇಳಿ ಏಳುತ್ತದೆ, ಉಣ್ಣುತ್ತದೆ, ಮನೆಗೆ ಮರಳುತ್ತದೆ.

ಮೈಸೂರಿನ ನಮ್ಮ ಮನೆಗೆ ಬೀಗ ಹಾಕಿದ್ದನ್ನು ನಾನು ಚಿಕ್ಕವಳಾಗಿದ್ದಾಗ ನೋಡಿದ ನೆನಪೇ ಇಲ್ಲ. ನಿಮ್ಮಲ್ಲಿ ಅನೇಕರ ಮನೆಯೂ ಹಾಗೇ ಇರಬಹುದು. ಅಜ್ಜಿಯೋ ಸೋದರತ್ತೆಯೋ ಚಿಕ್ಕಮ್ಮನೋ ಒಬ್ಬರಾದರೂ ಒಳಗಿದ್ದೇ ಇರುತ್ತಾರೆ. ಮಗು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ದಾಟುತ್ತಾ ದೊಡ್ಡದಾಗಿಬಿಡುತ್ತದೆ, ಸಾಕಿದವರು ಯಾರೆಂದು ಕೇಳಿದರೆ ಹೇಳುವುದೇ ಕಷ್ಟ. ಇಲ್ಲಿರುವುದು ಲೈನು ಮನೆಗಳು, ಅಂದರೆ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಸೇಲಂ ಕಡೆಯಿಂದ, ಕಡಪೆಯ ಕಡೆಯಿಂದ ಬಂದವರು ಗಂಡ, ಹೆಂಡತಿ, ಮಕ್ಕಳು ಅಷ್ಟೇ. ಅಜ್ಜಿಯರನ್ನೆಲ್ಲ ಹಿಂದೆ ಬಿಟ್ಟು ಬಂದವರ ಊರು ಇದು.

ಪಕ್ಕದ ಮನೆಯ ಗೌರಮ್ಮನವರು ಶಿವಮೊಗ್ಗದವರು. ಅವರ ಯಜಮಾನರೂ ನಮ್ಮವರೂ ಕಾರ್ಖಾನೆಯ ಕಚೇರಿಯಲ್ಲಿ ಒಂದೇ ಕೋಣೆಯಲ್ಲಿ ಕುಳಿತು ನಕ್ಷೆ ಬರೆಯುತ್ತಾರೆ. ಎದುರು ಮನೆಯ ಕಥೆಯನ್ನು ಗೌರಮ್ಮನವರೇ ಹೇಳಿದರು. ತಾಯಿ ಕನ್ನಿಯಮ್ಮ ಇದ್ದಿಲು ಹೊರುತ್ತಾಳೆ. ಮಗಳು ಸೆಲ್ವಿ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಳು. ತಮ್ಮ ಮುರುಗ ಹುಟ್ಟಿದ ಮೇಲೆ ಅವನನ್ನೂ ಎತ್ತಿಕೊಂಡೇ ಶಾಲೆಗೆ ಹೋದಳು. ಅವನು ಅತ್ತ. ಮಗುವನ್ನು ಮನೆಯಲ್ಲಿ ಬಿಟ್ಟು ಬಾ ಎಂದರಂತೆ ಶಾಲೆಯವರು. ಬಿಡುವುದು ಯಾರ ಹತ್ತಿರ? ಸ್ಲೇಟು ಗೂಡು ಸೇರಿತು.

"ಶಿವಮೊಗ್ಗದಲ್ಲಿ ಶಿಶುವಿಹಾರ ಇದೆಯಂತಲ್ಲ, ಇಲ್ಲಿಗೂ ಒಂದು ಬಂದರೆ?" ಎಂದೆ.

"ಇದೆ ಮಾರಾಯ್ತಿ. ಗಾಡಿ ಬಾಗಿಲಿಗೇ ಬಂದು ವಕೀಲ್ರ ಮಕ್ಕಳನ್ನ ಕೂರಿಸ್ಕೊಂಡು ಹೋಗುತ್ತೆ. ಇದ್ದಿಲು ಹೊರೋರ ಬಾಗಿಲಿಗೆ ಯಾವ ಗಾಡಿ ಬರುತ್ತೆ ಹೇಳಿ?"

ನಮ್ಮ ಮಗ ಕಂಠಿಗೆ ಆಗ ಎರಡು ವರ್ಷ. ಅವನ ಜೊತೆಗೆ ಇನ್ನೊಂದು ಮಗುವನ್ನು ನೋಡಿಕೊಳ್ಳುತ್ತೇನೆ ಎಂದಾಗ ನಮ್ಮವರು, "ನೋಡ್ಕೊ. ಆದರೆ ಮೈಸೂರಿಗೆ ಬರೀಬೇಡ," ಎಂದರು. ಕನ್ನಿಯಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು.

"ಎಷ್ಟು ಕೊಡ್ಬೇಕಮ್ಮ?"

"ಏನೂ ಬೇಡಮ್ಮ."

"ಏನೂ ಬೇಡ ಅಂದ್ರೆ ಭಯ ಆಗುತ್ತೆ," ಎಂದಳು. ಆದರೂ ಮರುದಿನ ಮಗುವನ್ನು ತಂದಳು. ಸೆಲ್ವಿ ಹಿಂದೆಯೇ ಸ್ಲೇಟು ಹಿಡಿದು ಬಂದಿದ್ದಳು.

ಕಾನ್ವೆಂಟಿನಲ್ಲಿ ಮಕ್ಕಳ ಆರೈಕೆಯ ಪಾಠ ಹೇಳುತ್ತಿದ್ದ ಸಿಸ್ಟರು, ಮಗುವಿಗೆ ಗಡಿಯಾರ ನೋಡಿ ಹಾಲು ಕೊಡಬೇಕು ಎನ್ನುತ್ತಿದ್ದರು. ನಾನು ಹಾಗೆಯೇ ಹಸುವಿನ ಹಾಲನ್ನು ಕಾಯಿಸಿ ಆರಿಸಿ ಒಳಲೆಯಲ್ಲಿ ಕುಡಿಸಿದೆ. ಮಧ್ಯಾಹ್ನದ ಕೂಗಿನ ಹೊತ್ತಿಗೆ ಮುರುಗ ಹೊಟ್ಟೆ ತುಂಬಿ ಮಲಗಿದ್ದ. ನನಗೋ ಹೆಮ್ಮೆ. ಕನ್ನಿಯಮ್ಮ ಓಡಿಬಂದಳು. ಮುಖದ ಮಸಿಯನ್ನು ನಲ್ಲಿಯಲ್ಲಿ ತೊಳೆದುಕೊಂಡಿದ್ದಳು, ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಮಗುವನ್ನು ಎತ್ತಿ ಎದೆಗೆ ಹಿಡಿದಳು. ಅದು ಬಾಯಿ ತೆರೆಯದೆ ಮುಖ ಹೊರಳಿಸಿತು. ಮತ್ತೆ ಕೂಗು ಆಯಿತು, ಎದ್ದು ಹೋದಳು. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಮಗು ಬರಲಿಲ್ಲ. ಎದುರು ಬಾಗಿಲಿಗೆ ಬೀಗ ಬಿದ್ದಿತ್ತು, ಸರಳಿನ ಹಿಂದೆ ಸೆಲ್ವಿ ನಿಂತಿದ್ದಳು.

ನಮ್ಮ ಮನೆಯ ಹಾಲು ಅವರಿಗೆ ಸರಿಬರಲಿಲ್ಲವೇನೋ ಎಂದುಕೊಂಡೆ. ಗೌರಮ್ಮನವರು ಹಣೆ ಚಚ್ಚಿಕೊಂಡರು.

"ನೀವೇನೋ ಹಾಲು ಕುಡಿಸಿ ಪುಣ್ಯ ಕಟ್ಕೊಂಡ್ರಿ. ಅವಳಿಗೆ ಎದೆ ಕಟ್ಟಿ ಜ್ವರ ಬಂದಿದೆ. ಹೀಗೇ ಆದ್ರೆ ಹಾಲು ಬತ್ತುತ್ತೆ. ಆಮೇಲೆ ದಿನಾ ಹಸುವಿನ ಹಾಲು ಕೊಳ್ಳೋಕೆ ಅವಳೇನು ಇಂಜಿನಿಯರ್ ಹೆಂಡ್ತಿಯೇ?"

ಸಂಜೆ ಹೋದೆ. ಕನ್ನಿಯಮ್ಮ ಹೊಸ್ತಿಲ ಬಳಿ ಕುಳಿತಿದ್ದಳು.

"ಪಾಪು ನನ್ನ ಮರ್ತುಬಿಟ್ರೆ ನಾನೇನ್ ಮಾಡ್ಲಿ ಅಮ್ಮಾ?"

"ಇನ್ನು ಮೇಲೆ ಕೂಗಿಗೆ ಮುಂಚೆ ಏನೂ ಕೊಡೋದಿಲ್ಲ ಕನ್ನಿಯಮ್ಮ. ಆದರೆ ಅಳುತ್ತಲ್ಲ?"

"ಅಳ್ಲಿ. ಆ ಅಳು ನಂದು."

ಮೈಸೂರಿನಲ್ಲಿ ಅಳುವ ಮಗುವನ್ನು ಸುಮ್ಮನಾಗಿಸುವುದೇ ಸಾಕುವುದು ಎಂದು ತಿಳಿದಿದ್ದೆ. ಇಲ್ಲಿ ಮಗುವಿನ ಹಸಿವನ್ನು ತಾಯಿಗಾಗಿ ಕಾಯ್ದಿಡುವುದನ್ನು ಕಲಿತೆ. ಒಲೆಯ ಪಕ್ಕದಲ್ಲೇ ಹಾಲಿರುತ್ತಿತ್ತು, ಕೈ ಅತ್ತ ಹೋಗುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ಜಗಲಿಯ ತೊಲೆಗೆ ಕನ್ನಿಯಮ್ಮ ತನ್ನ ಹಳೆಯ ಸೀರೆಯಲ್ಲಿ ಜೋಲಿ ಕಟ್ಟಿಕೊಟ್ಟಿದ್ದಳು. ಇದಕ್ಕೆ ಅವರು ತೂಳಿ ಎನ್ನುತ್ತಾರೆ. ನಮ್ಮ ಮರದ ತೊಟ್ಟಿಲಿಗಿಂತ ಮಕ್ಕಳಿಗೆ ಇದೇ ಹಿತ. ಬಟ್ಟೆಯಲ್ಲಿ ತಾಯಿಯ ವಾಸನೆ ಇರುತ್ತದೆ. ಕೆಲವು ದಿನಗಳಲ್ಲೇ ಮುರುಗ ಕೂಗು ಕೇಳಿದೊಡನೆ ಅಳು ನಿಲ್ಲಿಸಿ ಬೀದಿಯ ಕಡೆ ಕತ್ತು ತಿರುಗಿಸತೊಡಗಿದ.

ಸೆಲ್ವಿ ಶಾಲೆಗೆ ಹೋದಳು. ಅದನ್ನು ನೋಡಿ ಇನ್ನಿಬ್ಬರು ತಾಯಂದಿರೂ ತಮ್ಮ ಮಕ್ಕಳನ್ನು ತಂದು ಬಿಟ್ಟರು. ಗೌರಮ್ಮನವರು, "ನನಗ್ಯಾಕೆ ಮಾರಾಯ್ತಿ ಈ ಸಂತೆ," ಎನ್ನುತ್ತಲೇ ದಿನವೂ ಬಂದು ಕೂರತೊಡಗಿದರು. ಹುಣಸೆಬೀಜ, ಬಳೆಚೂರು ಇವೇ ನಮ್ಮ ಪಾಠದ ಸಾಮಾನು. ಕಪ್ಪು ಒಂದು ಕಡೆ, ಕೆಂಪು ಒಂದು ಕಡೆ. ನನ್ನ ಕಾನ್ವೆಂಟಿನ ಇಂಗ್ಲಿಷ್ ಹಾಡಿಗೆ ಮಕ್ಕಳು ಆಕಳಿಸಿದವು. ಗೌರಮ್ಮನವರ 'ಆನೆ ಬಂತೊಂದಾನೆ' ಹಾಡಿಗೆ ಎದ್ದು ಕುಣಿದವು. ಕಂಠಿ ನೀರಿಗೆ ತಣ್ಣಿ ಎನ್ನಲು ಕಲಿತ. ನಮ್ಮವರು ಕಚೇರಿಯಿಂದ ಬಂದು, "ನನ್ನ ಮಗನ ಹತ್ತಿರ ಮಾತಾಡೋಕೆ ದುಭಾಷಿ ಬೇಕು," ಎಂದು ನಗುತ್ತಿದ್ದರು.

ಆ ಬೇಸಿಗೆಯಲ್ಲಿ ನಾನು ಎರಡನೆಯ ಬಾಣಂತನಕ್ಕೆ ತವರಿಗೆ ಹೊರಟೆ. ರಜೆಯಾದ್ದರಿಂದ ಸೆಲ್ವಿ ಮನೆಯಲ್ಲೇ ಇರುತ್ತಾಳೆ, ತೊಂದರೆಯಿರಲಿಲ್ಲ. "ಶಾಲೆ ತೆಗೆಯೋ ದಿನಕ್ಕೆ ಬರ್ತೀನಿ," ಎಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ತವರು ತವರೇ. ಎಣ್ಣೆನೀರು, ಸಾಂಬ್ರಾಣಿ, ಮೆಣಸಿನ ಸಾರು. ಹೆಣ್ಣು ಮಗು ನನ್ನ ಕೈಗೆ ಸಿಗುತ್ತಿದ್ದುದು ಹಾಲು ಕುಡಿಯಲು ಮಾತ್ರ, ಉಳಿದ ಹೊತ್ತೆಲ್ಲ ಅದಕ್ಕೆ ಹತ್ತು ತೊಡೆ. ಆ ಸುಖದಲ್ಲಿ ಮಲಗಿ, ಎದುರು ಸಾಲಿನವರಿಗೂ ಇಂಥದೊಂದು ಬಾಣಂತಿ ಕೋಣೆ ಇದ್ದಿದ್ದರೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೌರಮ್ಮನವರು ತಂಗಿಯ ಹೆರಿಗೆಗೆಂದು ಶಿವಮೊಗ್ಗಕ್ಕೆ ಹೋದರೆಂದು ನಮ್ಮವರು ಬರೆದರು. ಶಾಲೆ ತೆಗೆದರೆ ಮುರುಗನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಕೂಸಿಗೆ ಎರಡು ತಿಂಗಳು ತುಂಬುವ ಮುಂಚೆಯೇ ಹೊರಟು ನಿಂತೆ.

"ಐದು ತಿಂಗಳು ತುಂಬದೆ ಬಾಣಂತಿ ರೈಲು ಹತ್ತೋದುಂಟೇನೇ? ಅಲ್ಲಿ ನಿನಗೆ ಯಾರಿದಾರೆ?" ಎಂದಳು ಅಮ್ಮ.

"ಸೆಲ್ವಿ ಶಾಲೆಗೆ ಹೋಗಬೇಕಮ್ಮ."

"ಯಾರ ಮಗಳೋ ಶಾಲೆಗೆ ಹೋಗೋದಕ್ಕೆ ನನ್ನ ಮಗಳು ಪಥ್ಯ ಬಿಡಬೇಕೇ?"

ನಾನು ಟ್ರಂಕಿಗೆ ಬಟ್ಟೆ ತುಂಬತೊಡಗಿದೆ. ಅಮ್ಮ ಕಣ್ಣೊರೆಸಿಕೊಳ್ಳುತ್ತಾ ಲೇಹ್ಯದ ಭರಣಿಗೆ ಬಟ್ಟೆ ಕಟ್ಟಿದಳು. ನಮ್ಮವರು ಬಂದು ಕರೆದುಕೊಂಡು ಹೊರಟರು. ಬೀರೂರಿನಲ್ಲಿ ಗಾಡಿ ಬದಲಿಸುವಾಗ ಕೂಸಿನ ಕಿವಿಗೆ ಗಾಳಿ ಹೊಗದಂತೆ ಕುಲಾವಿ ಎಳೆಯುತ್ತಾ, ಅಮ್ಮ ಹೇಳಿದ್ದೇ ಸರಿ ಎಂದೂ ಅನ್ನಿಸಿತು.

ಭದ್ರಾವತಿಯ ನಮ್ಮ ಜಗಲಿಯಲ್ಲಿ ಸೆಲ್ವಿ ಕುಳಿತಿದ್ದಳು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ತೊಡೆಯ ಮೇಲೆ ಮುರುಗ, ಪಕ್ಕದಲ್ಲಿ ಸ್ಲೇಟು. ತಾಯಿ ಆಗಲೇ ಕೆಲಸಕ್ಕೆ ಹೋಗಿದ್ದಳು.

"ಶಾಲೆ ಗಂಟೆ ಹೊಡೀತು ಅಮ್ಮಾ," ಎಂದಳು. ಅಷ್ಟೇ. ನಾನು ಕೂಸನ್ನು ನಮ್ಮವರ ಕೈಗಿತ್ತು ಜಗಲಿಯಲ್ಲಿ ಕುಳಿತು ಕೈಚಾಚಿದೆ. ತಮ್ಮನನ್ನು ನನ್ನ ಮಡಿಲಿಗೆ ಹಾಕಿ ಓಡಿದಳು, ನನ್ನ ಹೊಸ ಮಗುವಿನ ಮುಖವನ್ನೂ ನೋಡಲಿಲ್ಲ. ನೋಡದೆ ಓಡಿದಳಲ್ಲ ಎಂದು ನನಗೆ ಸಂತೋಷವಾಯಿತು.

ಟ್ರಂಕು ಬಾಗಿಲಲ್ಲೇ ಇದೆ. ತೂಳಿಯಲ್ಲಿ ಮುರುಗ, ತೊಡೆಯ ಮೇಲೆ ನನ್ನ ಕೂಸು. ಕಂಠಿ ಯಾರನ್ನೋ ತಣ್ಣಿ ಕೇಳುತ್ತಿದ್ದಾನೆ. ಅಮ್ಮನಿಗೆ ಕಾರ್ಡು ಬರೆಯಬೇಕು. ಸುಖವಾಗಿ ಮನೆಗೆ ಬಂದೆವು ಎಂದು ಬರೆದರೆ, ಹಾಗಾದರೆ ತವರು ಏನು ಎಂದು ಅವಳ ಮನಸ್ಸು ನೋಯುತ್ತದೆ. ಬೇರೆ ಊರಿಗೆ ಬಂದೆವು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಸುಖವಾಗಿ ಬಂದು ಸೇರಿದೆವು ಎಂದಷ್ಟೇ ಬರೆದು, ಎಲ್ಲಿಗೆ ಎಂಬುದನ್ನು ಬಿಟ್ಟಿದ್ದೇನೆ.