ಕೊನೆಯ ಉಕಾರ

ಎಂಬತ್ತರ ದಶಕದ ಆರಂಭ. ಸೈನ್ಯದ ಚೀನಿ ಭಾಷಾ ತರಗತಿಗೆ ಸೇರಿ ಆರು ತಿಂಗಳಾಗಿತ್ತು. ಶಾನ್ ಎಂದರೆ ಬೆಟ್ಟ, ಮೆನ್ ಎಂದರೆ ಬಾಗಿಲು. ನನ್ನ ಬಾಯಲ್ಲಿ ಕೊನೆಗೊಂದು ‘ಉ’ ಅಂಟಿಕೊಂಡು ಶಾನು, ಮೆನ್ನು ಆಗುತ್ತಿದ್ದವು. ರಜೆಯ ನಂತರದ ಪರೀಕ್ಷೆಯಲ್ಲೂ ಹೀಗೇ ಆದರೆ ಹಳೆಯ ತುಕಡಿಗೆ ವಾಪಸು ಕಳಿಸುವುದಾಗಿ ಮೇಷ್ಟ್ರು ಹೇಳಿದ್ದರು.

ರಜೆಗೆ ನಮ್ಮೂರು ಜಗಳೂರಿಗೆ ಬಂದ ದಿನವೇ, ಶೇಂಗಾ ಬಿಡಿಸುತ್ತಿದ್ದ ಅಕ್ಕನೆದುರು ಕೂತು ಇಂಥ ನೂರು ಪದ ಹೇಳಿ, ತಪ್ಪು ಎಣಿಸು ಎಂದೆ.

“ಎಲ್ಲಾ ಸರಿ ಐತಲ್ಲೋ. ನಾವು ಬಸ್ಸು, ಕಾರು ಅನ್ನಲ್ವೇನು?”

ಅವಳ ಕಿವಿಗೂ ಅದು ತಪ್ಪಲ್ಲ. “ಕೇಳಬ್ಯಾಡಕ್ಕ, ನನ್ನ ತುಟಿ ನೋಡು. ಮುಂದಕ್ಕೆ ಬಂದ್ರೆ ಹೇಳು” ಎಂದು ಮತ್ತೆ ಶುರುಮಾಡಿದೆ.

“ಬಂತು ನೋಡು! ಒಲೆ ಊದಾಕೆ ಹೊಂಟೀಯೇನೋ?”

ಆ ದಿನ ಡೈರಿಯಲ್ಲಿ ನೂರಕ್ಕೆ ಎಪ್ಪತ್ತೊಂದು ತಪ್ಪು ಎಂದು ಬರೆದೆ. ಐದನೆಯ ದಿನ ನಲವತ್ತು. ಹನ್ನೆರಡನೆಯ ದಿನ ಜ್ವರ ಬಂದು ಐವತ್ತೆರಡಕ್ಕೆ ಏರಿತು. ಅಂದು ನೂರನ್ನೂ ಎರಡು ಸಲ ಹೇಳಿದೆ.

“ಸಾಕ್ ಬಿಡೋ, ಆ ಚೀನಾದೋರೇ ಕನ್ನಡ ಕಲೀಲಿ” ಎಂದರೂ ಅಕ್ಕ ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

ಹೊರಡುವ ದಿನ ತಪ್ಪುವ ಪದ ಆರು ಉಳಿದಿದ್ದವು. ದಾವಣಗೆರೆಯವರೆಗೂ ಬಸ್ಸಿನಲ್ಲಿ ತುಟಿಗೆ ಬೆರಳೊತ್ತಿಕೊಂಡು ಆ ಆರನ್ನೇ ಹೇಳಿದೆ. ಪರೀಕ್ಷೆಯಲ್ಲಿ ಎರಡು ಜಾರಿದವು. ಮೇಷ್ಟ್ರು ನನ್ನನ್ನು ತರಗತಿಯಲ್ಲೇ ಉಳಿಸಿಕೊಂಡರು.