ಸೊರಬದ ಬೋರ್ಡು

ಆ ಶನಿವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ನಾನು ಶಿಕಾರಿಪುರ ಬಸ್ ನಿಲ್ದಾಣದ ಎರಡನೇ ಕಂಬದ ಪಕ್ಕ ಬಸ್ಸಿಗೆ ಕಾಯುತ್ತ ನಿಂತಿದ್ದೆ. ತೊಗರ್ಸಿ ಕಡೆಯ ಸರ್ಕಾರಿ ಶಾಲೆಯ ಟೀಚರ್, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಶನಿವಾರ ಅಲ್ಲಿಗೆ ಕರೆತರುತ್ತಿದ್ದರು. ಓದು ಬಾರದ ಪ್ರಯಾಣಿಕರಿಗೆ ಮಕ್ಕಳು ಬಸ್ಸಿನ ಬೋರ್ಡು ಓದಿ ಹೇಳಬೇಕು. ಯಾರಾದರೂ ತಡವರಿಸಿದರೆ ಟೀಚರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಯಾರಿಗೈತ್ರೀ ಅವಸರ?" ಎನ್ನುತ್ತಿದ್ದರು.

ಆರನೇ ತರಗತಿಯ ರೇಣುಕಾ, ಅವತ್ತೂ ಓದಲಾಗದಿದ್ದರೆ ಸೋಮವಾರದಿಂದ ಶಾಲೆಗೇ ಬರುವುದಿಲ್ಲ ಎಂದು ಟೀಚರ್‌ಗೆ ಹೇಳಿದ್ದಳಂತೆ. ಸೊರಬಕ್ಕೆ ಹೋಗಬೇಕಿದ್ದ ಒಬ್ಬ ಅಜ್ಜಿ ಅವಳನ್ನು, "ಇದು ಎಲ್ಲಿಗ್ ಹೋಗ್ತೈತಿ ಮಗಾ?" ಎಂದು ಕೇಳಿದರು.

"ಸೊ... ರ..." ಎನ್ನುವಷ್ಟರಲ್ಲಿ ಬಸ್ಸು ಹೊರಟಿತು. ಟೀಚರ್ ಓಡಿ ಅದರ ಮುಂದೆ ನಿಂತರು. ಬಸ್ಸು ಅವರಿಂದ ಒಂದು ಮೊಳ ದೂರದಲ್ಲಿ ನಿಂತಿತು.

"ಸಾಯಾಕ್ ನಮ್ ಬಸ್ಸೇ ಬೇಕಿತ್ತೇನ್ರೀ ಟೀಚರ್?" ಕಂಡಕ್ಟರ್ ಕೂಗಿದ.

"ಹುಡುಗಿಗೆ ಒಂದಕ್ಷರ ಉಳದೈತ್ರೀ. ಯಾರಿಗೈತ್ರೀ ಅವಸರ?"

"ನಮಗೈತ್ರೀ!"

ಬಸ್ಸಿಗೆ ಬಸ್ಸೇ ನಕ್ಕಿತು. ರೇಣುಕಾ ಮಾತ್ರ ನಗದೆ ಬೋರ್ಡನ್ನೇ ದಿಟ್ಟಿಸಿ, "ಬ! ಸೊರಬ! ಹತ್ತಜ್ಜೀ!" ಎಂದು ಕಿರುಚಿದಳು.

ಇದನ್ನು ನೋಡಿದ ಇನ್ನೊಬ್ಬರು, ಮಕ್ಕಳ ಜೊತೆ ಬಂದಿದ್ದ ಬಿಸಿಯೂಟದ ಗಂಗಮ್ಮ, ಇನ್ನೂ ಇದ್ದಾರೆ. ಸೋಮವಾರ ತಾವು ಶಾಲೆಯ ಗೇಟು ತೆರೆಯಲು ಹೋದಾಗ ರೇಣುಕಾ ಆಗಲೇ ಅಲ್ಲಿ ನಿಂತಿದ್ದಳು ಎನ್ನುತ್ತಾರೆ.